ರೈತರಿಗೆ ಹವಾಮಾನ ತಿಳಿಸಿದ ವಿಶ್ವವಿದ್ಯಾನಿಲಯದ ರೇಡಿಯೋ



ಕೊಯ್ದು ಹಾಸಿದ ರಾಗಿಯ ಮೇಲೆ ಮಳೆ ಬಿದ್ದರೆ ಏನಾಗುವುದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹೈನುಗಾರರಿಗೆ ಹುಲ್ಲಿನ ವಿಷಯದಲ್ಲಿ ಇದೇ ಚಿಂತೆ. ಚಳಿಗಾಲದಲ್ಲಿ ನೆಲವೆಲ್ಲ ಹಿಮದಿಂದ ಮುಚ್ಚುವ ಆ ನಾಡಿನಲ್ಲಿ, ಬೇಸಿಗೆಯಲ್ಲಿ ಒಣಗಿಸಿಟ್ಟ ಹುಲ್ಲೇ ದನಗಳಿಗೆ ಆಧಾರ. ಹುಲ್ಲು ಚೆನ್ನಾಗಿ ಒಣಗಲು ಎರಡು ಮೂರು ದಿನದ ಬಿಸಿಲು ಬೇಕು. ನಡುವೆ ಮಳೆ ಹಿಡಿದರೆ ಸತ್ವ ತೊಳೆದುಹೋಗುತ್ತದೆ, ಬೂಷ್ಟು ಬರುತ್ತದೆ. ಆದ್ದರಿಂದ ಹವಾಮಾನ ಮುನ್ಸೂಚನೆ ಕೊಯ್ಲಿಗೆ ಮೊದಲೇ ಕೈಗೆ ಸಿಗಬೇಕು. ಅಂಚೆಯಲ್ಲಿ ಬರುವ ಪತ್ರಿಕೆಯಿಂದ ಇದು ಆಗುತ್ತಿರಲಿಲ್ಲ.

ಮ್ಯಾಡಿಸನ್ ನಗರದಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಅರ್ಲ್ ಟೆರಿಯವರು 9ಎಕ್ಸ್‌ಎಂ ಎಂಬ ಪ್ರಾಯೋಗಿಕ ಕೇಂದ್ರದಿಂದ 1916ರ ಡಿಸೆಂಬರ್‌ನಲ್ಲಿ ಹವಾಮಾನ ವರದಿಯನ್ನು ದಿನವೂ ಕಳುಹಿಸತೊಡಗಿದರು. ಆದರೆ ಅದು ತಂತಿ ಕಚೇರಿಯ 'ಕಟ್ಟ ಕಡ' ಸಂಕೇತದಲ್ಲಿತ್ತು. ಸಂಕೇತ ಬಲ್ಲವರು ಊರಿನಲ್ಲಿದ್ದರೆ ಮಾತ್ರ ರೈತನಿಗೆ ಉಪಯೋಗ. ಮಾತನ್ನೇ ಕಳುಹಿಸಲು ದೊಡ್ಡ ನಿರ್ವಾತ ಕೊಳವೆಗಳು, ಅಂದರೆ ವಾಲ್ವುಗಳು ಬೇಕಾಗಿದ್ದವು. ಟೆರಿಯವರು ತಮ್ಮ ವಿದ್ಯಾರ್ಥಿಗಳೊಡನೆ ಪ್ರಯೋಗಶಾಲೆಯಲ್ಲೇ ಗಾಜು ಊದಿ ಅವನ್ನು ತಯಾರಿಸಿದರು. ಬಹಳ ಶ್ರಮಪಟ್ಟು ಮಾಡಿದ ಕೊಳವೆ ಸುಟ್ಟುಹೋಗುತ್ತಿತ್ತು, ಮತ್ತೆ ಇನ್ನೊಂದು. ನಾನು ಬೇಸಾಯ ಶಾಸ್ತ್ರದವನು, ವಿದ್ಯುತ್ ವಿಷಯ ನನ್ನದಲ್ಲ. ಆದರೂ ಈ ಪಟ್ಟು ನನಗೆ ಅರ್ಥವಾಗುತ್ತದೆ. ನಮ್ಮ ಮೈಸೂರಿನಲ್ಲಿಯೂ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರೆಂಬ ಪ್ರಾಧ್ಯಾಪಕರೇ ತಮ್ಮ ಮನೆಯಿಂದ ಬಾನುಲಿ ಆರಂಭಿಸಿದರಲ್ಲವೆ?

1921ರ ಜನವರಿಯಿಂದ ಮ್ಯಾಡಿಸನ್ ಕೇಂದ್ರ ಹವಾಮಾನವನ್ನು ದಿನವೂ ಮಾತಿನಲ್ಲೇ ಹೇಳಿತು. ಮರುವರ್ಷ ಕೇಂದ್ರದ ಹೆಸರು ಡಬ್ಲ್ಯುಎಚ್‌ಎ ಎಂದಾಯಿತು. ಪೇಟೆ ಧಾರಣೆಯೂ ಸೇರಿತು. ವ್ಯಾಪಾರಿ ಬಾಗಿಲಿಗೆ ಬಂದಾಗ ಪಟ್ಟಣದ ಧಾರಣೆ ಅವನೊಬ್ಬನಿಗೇ ಗೊತ್ತಿದ್ದರೆ ಚೌಕಾಶಿಯಲ್ಲಿ ಯಾರು ಸೋಲುತ್ತಾರೆಂಬುದು ನಿಮಗೆ ತಿಳಿದದ್ದೇ. ಆಲೂಗಡ್ಡೆ ಬೆಳೆಯುವ ಮಧ್ಯ ಭಾಗದ ಸ್ಟೀವನ್ಸ್ ಪಾಯಿಂಟ್‌ನಲ್ಲಿ ರಾಜ್ಯದ ಮಾರುಕಟ್ಟೆ ಇಲಾಖೆ ಡಬ್ಲ್ಯುಎಲ್‌ಬಿಎಲ್ ಎಂಬ ಕೇಂದ್ರವನ್ನು ನಡೆಸಿದ್ದು ಇದೇ ಕಾರಣಕ್ಕೆ. ಟೆರಿಯವರು 1929ರಲ್ಲಿ ತೀರಿಕೊಂಡರು. 1931ರಲ್ಲಿ ಹಳ್ಳಿ ಶಾಲೆಗಳ ಮಕ್ಕಳಿಗೂ ರೇಡಿಯೋ ಪಾಠಗಳು ಆರಂಭವಾದವು.

ಒಂದು ಕೊರತೆ ಮಾತ್ರ ಉಳಿದಿತ್ತು. ಮಧ್ಯಮ ತರಂಗಗಳು ರಾತ್ರಿ ವೇಳೆ ಬಹು ದೂರ ಹರಿದು, ಬೇರೆ ಕೇಂದ್ರಗಳ ಪ್ರಸಾರಕ್ಕೆ ಅಡ್ಡಬರುತ್ತವೆ. ಅದಕ್ಕಾಗಿ ಈ ಎರಡು ಕೇಂದ್ರಗಳಿಗೂ ಹಗಲಿನ ಪ್ರಸಾರಕ್ಕೆ ಮಾತ್ರ ಅನುಮತಿ ಇತ್ತು. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ರೈತ ಹಾಲು ಕರೆದು ಒಳಗೆ ಬಂದು ಕುಳಿತಾಗ ಅವನ ರೇಡಿಯೋ ಮೌನವಾಗಿರುತ್ತಿತ್ತು!

ಎಫ್‌ಎಂ ಬಂದಾಗ ಈ ತೊಡಕು ನೀಗಿತು. ಎಫ್‌ಎಂ ಅಲೆಗಳು ಹಗಲೂ ರಾತ್ರಿಯೂ ಹೆಚ್ಚುಕಡಿಮೆ ಒಂದೇ ದೂರ ಹೋಗುತ್ತವೆ. ಆದರೆ ದೂರ ಕಡಿಮೆ, ಆದ್ದರಿಂದ ಒಂದು ಗೋಪುರ ಸಾಲದು. ವಿಶ್ವವಿದ್ಯಾನಿಲಯದೊಡನೆ ಕೆಲಸ ಮಾಡಲೆಂದು 1945ರಲ್ಲಿ ರಾಜ್ಯದ ರೇಡಿಯೋ ಮಂಡಳಿ ಸ್ಥಾಪನೆಯಾಯಿತು. 1947ರಿಂದ 1952ರೊಳಗೆ ಎಂಟು ಎಫ್‌ಎಂ ಕೇಂದ್ರಗಳು ರಾಜ್ಯದ ಉದ್ದಗಲಕ್ಕೆ ಎದ್ದವು. ಕೊನೆಯದು ಉತ್ತರದ ಬ್ರೂಲ್‌ನಲ್ಲಿ. ಒಂದು ಕೇಂದ್ರದ ಪ್ರಸಾರವನ್ನು ಮುಂದಿನ ಕೇಂದ್ರ ಗಾಳಿಯಿಂದಲೇ ಹಿಡಿದು ಅದರಾಚೆಗೆ ಬಿತ್ತರಿಸುತ್ತಿತ್ತು, ಬಾವಿಯಿಂದ ಕೊಡ ಕೈಯಿಂದ ಕೈಗೆ ದಾಟಿಸಿದಂತೆ. ಇಂದು ವಿಸ್ಕಾನ್ಸಿನ್ ಪಬ್ಲಿಕ್ ರೇಡಿಯೋ ಎಂದು ಹೆಸರಾಗಿರುವ ಜಾಲ ಬೆಳೆದುಬಂದದ್ದು ಹೀಗೆ.