ಕೊಲೆಸ್ಟ್ರಾಲ್ ನಾರ್ಮಲ್ ಬಂತು, ಮಾತ್ರೆ ನಿಲ್ಲಿಸಬಹುದೇ?

“ಡಾಕ್ಟ್ರೇ, ರಿಪೋರ್ಟ್ ನಾರ್ಮಲ್ ಇದೆ. ಇನ್ನೂ ಮಾತ್ರೆ ಯಾಕೆ?” ಹೃದ್ರೋಗ ವೈದ್ಯರಿಗೆ ಇದು ದಿನನಿತ್ಯದ ಪ್ರಶ್ನೆ. ಇದಕ್ಕೆ ಉತ್ತರ ನಿಮ್ಮ ಲಿವರ್‌ನ ಜೀವಕೋಶಗಳಲ್ಲಿದೆ.

ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇರುತ್ತದೆ. ಆ ಪೊರೆಗೆ ಕೊಲೆಸ್ಟ್ರಾಲ್ ಬೇಕೇ ಬೇಕು. ಹಾಗಾಗಿ ಕೊಲೆಸ್ಟ್ರಾಲ್ ವಿಷವಲ್ಲ. ಅದು ರಕ್ತದಲ್ಲೇ ಹೆಚ್ಚಾಗಿ ಉಳಿದು ರಕ್ತನಾಳದ ಗೋಡೆ ಸೇರಿದಾಗ ತೊಂದರೆ.

ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತು ತಿರುಗುವ ಕಣಗಳೇ ಎಲ್‌ಡಿಎಲ್. ಲಿವರ್ ಕೋಶದ ಪೊರೆಯ ಮೇಲಿರುವ ರಿಸೆಪ್ಟರ್ ಎಂಬ ಪ್ರೋಟೀನ್ ಈ ಕಣವನ್ನು ಹಿಡಿದು ಒಳಗೆ ಒಯ್ಯುತ್ತದೆ, ಅಲ್ಲಿ ಬಿಟ್ಟು ಮತ್ತೆ ಪೊರೆಗೆ ಬರುತ್ತದೆ. ಒಂದು ಸುತ್ತಿಗೆ ಸುಮಾರು 10 ನಿಮಿಷ. ಇದನ್ನು ಕಂಡುಹಿಡಿದ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು.

ಎಷ್ಟು ರಿಸೆಪ್ಟರ್ ಬೇಕೆಂದು ಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಕೋಶದ ಒಳಗೂ ಪೊರೆಗಳಿವೆ. ಅಲ್ಲಿ ಕೊಲೆಸ್ಟ್ರಾಲ್ ಸಾಕಷ್ಟಿದ್ದರೆ ಕೋಶ ಹೊಸ ರಿಸೆಪ್ಟರ್ ತಯಾರಿಸುವುದನ್ನು ತಗ್ಗಿಸುತ್ತದೆ. ಕಡಿಮೆಯಾದರೆ ಹೆಚ್ಚು ತಯಾರಿಸಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಸ್ಟ್ಯಾಟಿನ್ ಮಾತ್ರೆ ಮಾಡುವುದು ಇದನ್ನೇ: ಲಿವರ್ ತಾನೇ ಕೊಲೆಸ್ಟ್ರಾಲ್ ತಯಾರಿಸುವುದನ್ನು ತಗ್ಗಿಸುತ್ತದೆ, ಆಗ ರಿಸೆಪ್ಟರ್ ಹೆಚ್ಚುತ್ತವೆ. ತುಪ್ಪ, ಬೆಣ್ಣೆ, ವನಸ್ಪತಿ ಅತಿಯಾದರೆ ಇದಕ್ಕೆ ಉಲ್ಟಾ, ರಿಸೆಪ್ಟರ್‌ಗಳ ಕೆಲಸ ಕುಗ್ಗುತ್ತದೆ.

ಅಂದರೆ ನಿಮ್ಮ ರಿಪೋರ್ಟ್ ನಾರ್ಮಲ್ ಬಂದಿರುವುದು ಮಾತ್ರೆ ಕೆಲಸ ಮಾಡುತ್ತಿರುವುದರಿಂದ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿನಷ್ಟೇ ಆಗುತ್ತದೆ. ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ, ಅದೇ ಅಪಾಯ.

ಕೆಲವರಿಗೆ ಹುಟ್ಟಿನಿಂದಲೇ ಈ ರಿಸೆಪ್ಟರ್ ದೋಷ ಇರುತ್ತದೆ. ಅವರು ತೆಳ್ಳಗಿರಬಹುದು, ಶುದ್ಧ ಸಸ್ಯಾಹಾರಿಗಳಾಗಿರಬಹುದು, ಆದರೂ ಎಲ್‌ಡಿಎಲ್ 190 ದಾಟಿರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು.

ನೆನಪಿಡಿ:

1. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಮೈಕೈ ನೋವು ಬಂದರೆ ತಿಳಿಸಿ. ಡೋಸ್ ಅಥವಾ ಮಾತ್ರೆ ಬದಲಿಸಬಹುದು.

2. ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು ಮೊದಲೇ ವೈದ್ಯರೊಂದಿಗೆ ಮಾತಾಡಿ.

3. ನಿಮ್ಮ ಎಲ್‌ಡಿಎಲ್ 190ಕ್ಕಿಂತ ಹೆಚ್ಚಿದ್ದರೆ, ಅಥವಾ ಮನೆಯಲ್ಲಿ ಗಂಡಸರಿಗೆ 55ರೊಳಗೆ, ಹೆಂಗಸರಿಗೆ 65ರೊಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಒಡಹುಟ್ಟಿದವರು ಮತ್ತು ಮಕ್ಕಳೂ ರಕ್ತ ಪರೀಕ್ಷೆ ಮಾಡಿಸಲಿ.

ಅಣ್ಣ ಪುಣೆಯಲ್ಲಿ, ತಂಗಿ ಚೆನ್ನೈಯಲ್ಲಿ, ಅಪ್ಪ ಅಮ್ಮ ಊರಲ್ಲಿ ಎಂಬಂತೆ ನಮ್ಮ ಮನೆಗಳು ಹರಡಿಹೋಗಿವೆ. ಒಬ್ಬರ ರಿಪೋರ್ಟ್ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಇವತ್ತೇ ಫ್ಯಾಮಿಲಿ ಗ್ರೂಪ್‌ನಲ್ಲಿ ಕೇಳಿ: “ನಿಮ್ಮ ಎಲ್‌ಡಿಎಲ್ ಎಷ್ಟು?”