25 ಪೌಂಡಿಗೆ ಸಾವಿರ ವರ್ಷ

ಇಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಇಬ್ಬರು ಹೊರಗೆ ಊಟ ಮಾಡಿ ಬರುವ ಖರ್ಚಿಗಿಂತ ಕಡಿಮೆ ದುಡ್ಡಿಗೆ ಸಾವಿರ ವರ್ಷ ಹಳೆಯ ನಾಣ್ಯ ಸಿಗುತ್ತದೆ ಎಂದರೆ ಊರಿನ ಗೆಳೆಯರು ನಂಬುವುದಿಲ್ಲ. ನಂಬಿದವರು ಕೇಳುವುದು ಒಂದೇ ಪ್ರಶ್ನೆ: ಹತ್ತು ವರ್ಷ ಇಟ್ಟುಕೊಂಡರೆ ಎಷ್ಟಾಗುತ್ತೆ? ಇಷ್ಟೇ ಇರಬಹುದು, ಇನ್ನೂ ಇಳಿಯಲೂಬಹುದು ಅಂದರೆ ಮುಖ ಸಪ್ಪಗಾಗುತ್ತದೆ. ಆದರೂ ನಾನು ಕೊಳ್ಳುವುದನ್ನು ಬಿಟ್ಟಿಲ್ಲ.

ನನ್ನ ಹುಚ್ಚು ಬೈಜಾಂಟೈನ್ ಸಾಮ್ರಾಜ್ಯದ ತಾಮ್ರದ ನಾಣ್ಯಗಳದ್ದು. ಇಂದಿನ ಇಸ್ತಾಂಬುಲ್ ಆಗ ಕಾನ್‌ಸ್ಟಾಂಟಿನೋಪಲ್. 1453ರಲ್ಲಿ ಆಟೋಮನ್ನರ ಕೈಸೇರುವ ತನಕ ಆ ಸಾಮ್ರಾಜ್ಯದ ರಾಜಧಾನಿ. ಅಲ್ಲಿ ಸಂತೆಗೂ ಸಂಬಳಕ್ಕೂ ಫಾಲಿಸ್ ಎಂಬ ತಾಮ್ರದ ನಾಣ್ಯವನ್ನು ರಾಶಿರಾಶಿ ಅಚ್ಚು ಹಾಕಿದರು. ಅಷ್ಟೊಂದು ಉಳಿದಿರುವುದರಿಂದಲೇ ಅಗ್ಗ. ಇನ್ನೊಂದು ಕಾರಣವೂ ಇದೆ: ನೋಡಲು ಚೆನ್ನಾಗಿಲ್ಲ. ರೋಮನ್ ನಾಣ್ಯದ ಮೇಲಿನ ಚಂದದ ಮೂಗು-ಗಲ್ಲಗಳಿಗೆ ಮನಸೋತವರು ಇವುಗಳತ್ತ ತಿರುಗಿಯೂ ನೋಡುವುದಿಲ್ಲ. ಒಳ್ಳೆಯದೇ ಆಯಿತು.

ಹೊಸಬರು ಕೇಳಿದರೆ ನಾನು ತೋರಿಸುವುದು ‘ಅನಾಮಿಕ ಫಾಲಿಸ್’. ಜಾನ್ ಜಿಮಿಸ್ಕೀಸ್ ಎಂಬ ಚಕ್ರವರ್ತಿಯ ಕಾಲದಿಂದ (969–976) ಹೆಚ್ಚುಕಡಿಮೆ 1092ರ ತನಕ ಬಂದ ಈ ನಾಣ್ಯಗಳ ಮೇಲೆ ರಾಜನ ಮುಖವೂ ಇಲ್ಲ, ಹೆಸರೂ ಇಲ್ಲ. ಒಂದು ಬದಿ ಗ್ರಂಥ ಹಿಡಿದ ಕ್ರಿಸ್ತ, ಇನ್ನೊಂದು ಬದಿ ಅವನೇ ರಾಜಾಧಿರಾಜನೆಂಬ ಬರಹ. ಹೆಸರಿಲ್ಲದ್ದರಿಂದ ವಿದ್ವಾಂಸರು ಇವನ್ನು ಎ, ಬಿ, ಸಿ ಎಂದು ವರ್ಗ ಮಾಡಿದ್ದಾರೆ. ನನ್ನ ಬಳಿ ಇರುವ ಬಿ ವರ್ಗದ ಒಂದರ ಹಿಂಬದಿಯಲ್ಲಿ ಮೂರು ಮೆಟ್ಟಿಲ ಮೇಲೆ ನಿಂತ ಶಿಲುಬೆ ಇದೆ. ಟೇಬಲ್ ದೀಪಕ್ಕೆ ಓರೆಯಾಗಿ ಹಿಡಿದರೆ ಶಿಲುಬೆಯ ಎಡತೋಳಿನ ಕೆಳಗೆ ಬೇರೆ ಅಕ್ಷರಗಳು ಸೊಟ್ಟಗೆ ಮಲಗಿರುವುದು ಕಾಣುತ್ತದೆ. ಅದು ಹಿಂದಿನ ಎ ವರ್ಗದ ಬರಹ. ಟಂಕಸಾಲೆಯವರು ಹಳೆಯ ನಾಣ್ಯವನ್ನು ಕರಗಿಸುವ ಗೋಜಿಗೇ ಹೋಗದೆ ಅದರ ಮೇಲೆಯೇ ಹೊಸ ಅಚ್ಚು ಬಡಿದಿದ್ದಾರೆ. ಎರಡು ಆಳ್ವಿಕೆ ಒಂದೇ ಬಿಲ್ಲೆಯಲ್ಲಿ! ‘ಅಚ್ಚು ಕೆಟ್ಟಿದೆ’ ಎಂದು ವ್ಯಾಪಾರಿ ಅದನ್ನು 25 ಪೌಂಡಿಗೆ ಕೊಟ್ಟ. ನಾನಾದರೆ ಇನ್ನಷ್ಟು ಕೊಡುತ್ತಿದ್ದೆ.

ಲೆಕ್ಕ ಕೆಡುವುದು ಹರಾಜಿನಲ್ಲಿ. ಸುತ್ತಿಗೆ 100 ಪೌಂಡಿಗೆ ಬಿತ್ತು ಅನ್ನಿ. ಅದರ ಮೇಲೆ ಕೊಳ್ಳುವವರಿಂದ ಪಡೆಯುವ ಶುಲ್ಕ 20 ಪರ್ಸೆಂಟ್ ಎಂದೇ ಇಟ್ಟುಕೊಳ್ಳಿ (ಎಷ್ಟೋ ಕಡೆ ಇನ್ನೂ ಹೆಚ್ಚು), ಶುಲ್ಕದ ಮೇಲೆ ವ್ಯಾಟ್, ಆಮೇಲೆ ಅಂಚೆ. ಮನೆ ಸೇರುವಾಗ 130. ಮುಂದೊಂದು ದಿನ ಅದನ್ನೇ ಹರಾಜಿಗಿಟ್ಟರೆ ಮಾರುವವರ ಕಮಿಷನ್ 15 ಪರ್ಸೆಂಟ್ ಹೋಗುತ್ತದೆ ಎಂದುಕೊಂಡರೂ, ಹಾಕಿದ ದುಡ್ಡು ವಾಪಸ್ ಬರಲು ಸುತ್ತಿಗೆ 153ಕ್ಕೆ ಬೀಳಬೇಕು. ಅಂದರೆ ಬೆಲೆ ಒಂದೂವರೆ ಪಟ್ಟಾದ ಮೇಲಷ್ಟೇ ಲಾಭದ ಮಾತು. 6,000 ಪೌಂಡಿನೊಳಗೆ ಮಾರಿದ ಸ್ವಂತ ವಸ್ತುವಿಗೆ ಬ್ರಿಟನ್ನಿನಲ್ಲಿ ಬಂಡವಾಳ ಲಾಭದ ತೆರಿಗೆ ಇಲ್ಲ ಎಂದು ಕೆಲವರು ಹುರಿದುಂಬಿಸುತ್ತಾರೆ. ಲಾಭ ಬಂದರೆ ತಾನೇ ತೆರಿಗೆ!

ಚಿನ್ನದ್ದನ್ನೇ ಕೊಂಡರೆ ಆಗದೇ? ಬೈಜಾಂಟೈನ್ ಚಿನ್ನಕ್ಕೆ ದೊಡ್ಡ ಹೆಸರಿದೆ, ನಿಜ. ನಾಲ್ಕನೇ ಶತಮಾನದ ಆರಂಭದಲ್ಲಿ ಕಾನ್‌ಸ್ಟಂಟೈನ್ ಒಂದು ರೋಮನ್ ಪೌಂಡ್ ಚಿನ್ನಕ್ಕೆ 72ರಂತೆ ಅಚ್ಚು ಹಾಕಿಸಿದ ಸಾಲಿಡಸ್, ಸುಮಾರು ನಾಲ್ಕೂವರೆ ಗ್ರಾಮಿನದು, ಏಳು ಶತಮಾನ ತನ್ನ ಗುಣ ಬಿಟ್ಟುಕೊಡಲಿಲ್ಲ. ಹನ್ನೊಂದನೇ ಶತಮಾನದಲ್ಲಿ ಬೆರಕೆ ಶುರುವಾಯಿತು. ಏಳನೇ ಮೈಕೇಲನ ಕಾಲಕ್ಕೆ ಅದೇ ನಾಣ್ಯಕ್ಕೆ ಸಿಗುವ ಗೋಧಿ ಕಾಲುಭಾಗ ಕಡಿಮೆಯಾಗಿ, ಜನ ಅವನಿಗೆ ‘ಕಾಲು ಕಡಿಮೆ’ ಎಂದೇ ಅಡ್ಡಹೆಸರಿಟ್ಟರು. 1092ರಲ್ಲಿ ಅಲೆಕ್ಸಿಯಸ್ ಕೊಮ್ನೆನಸ್ ಇಪ್ಪತ್ತೂವರೆ ಕ್ಯಾರೆಟ್ಟಿನ ಹೊಸ ನಾಣ್ಯ ತರುವ ಹೊತ್ತಿಗೆ ಹಳೆಯದರಲ್ಲಿ ಚಿನ್ನವೆನ್ನುವುದು ನೆಪಕ್ಕಷ್ಟೇ ಉಳಿದಿತ್ತು. ಹಣದುಬ್ಬರದ ಬಗ್ಗೆ ಬರೆಯುವ ಯಾರಿಗಾದರೂ ಹಬ್ಬದೂಟ ಈ ಕತೆ. ಆದರೆ ನಾಣ್ಯ ಕೊಳ್ಳುವಾಗ ನೀವು ಕೊಡುವುದು ಚಿನ್ನದ ದರ, ಅದರ ಮೇಲೆ ಸಂಗ್ರಾಹಕರ ದರ. ಎಷ್ಟೋ ನಾಣ್ಯಗಳಿಗೆ ಹಿಂದೆ ಯಾರೋ ಒಡವೆಗೆಂದು ಕೊಂಡಿ ಬೆಸೆದಿರುತ್ತಾರೆ. ಕಿತ್ತ ಗುರುತನ್ನು ಉಜ್ಜಿ ಮುಚ್ಚಿರುತ್ತಾರೆ. ನಕಲಿ ಮಾಡುವವರಿಗೂ ಚಿನ್ನದ ಮೇಲೇ ಕಣ್ಣು. ಇಲ್ಲಿರುವವರಿಗೆ ಚಿನ್ನವೇ ಬೇಕೆಂದರೆ ಸಾವರಿನ್ ಕೊಳ್ಳಲಿ; ಅದಕ್ಕೆ ಬಂಡವಾಳ ಲಾಭದ ತೆರಿಗೆಯೂ ಇಲ್ಲ.

ಮೊದಲ ಖರ್ಚು ಡೇವಿಡ್ ಸಿಯರ್ ಬರೆದ ಬೈಜಾಂಟೈನ್ ನಾಣ್ಯಗಳ ಕೈಪಿಡಿಗಿರಲಿ. ವ್ಯಾಪಾರಿಗಳೆಲ್ಲ ನಾಣ್ಯ ಗುರುತಿಸುವುದು ಅದರ ಸಂಖ್ಯೆಯಿಂದ. ಅದರ ಬೆಲೆಪಟ್ಟಿಯನ್ನು ಮಾತ್ರ ನಂಬಬೇಡಿ, 1987ರ ಆವೃತ್ತಿಯದು. ಕೊಂಡ ನಾಣ್ಯವನ್ನು ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಲೋಹಕ್ಕೆ ಹಸಿರು ಅಂಟು ಹತ್ತುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಲೇಬೇಡಿ. ಆ ಕಪ್ಪು-ಹಸಿರು ಮೈಬಣ್ಣಕ್ಕೇ ಅರ್ಧ ಬೆಲೆ, ಅದು ಹೋದರೆ ಉಳಿಯುವುದು ಹಿತ್ತಾಳೆ ಪಾತ್ರೆಯ ಹೊಳಪು. ಇಸ್ತಾಂಬುಲ್‌ಗೆ ಪ್ರವಾಸ ಹೋದವರು ಅಲ್ಲಿ ಹಳೆಯ ನಾಣ್ಯ ಕೊಂಡು ಜೇಬಿಗಿಳಿಸಬಾರದು. ಪುರಾತನ ವಸ್ತುವನ್ನು ಟರ್ಕಿಯಿಂದ ಹೊರಗೆ ಸಾಗಿಸಿದರೆ ಜೈಲು ಕಾದಿರುತ್ತದೆ. ಎಲ್ಲಿಂದ ಬಂತು, ಹಿಂದೆ ಯಾರ ಬಳಿ ಇತ್ತು ಎಂಬ ಕಾಗದವಿದ್ದರೆ ಹತ್ತು ಪೌಂಡ್ ಹೆಚ್ಚು ಕೊಟ್ಟಾದರೂ ನಾನು ಅದನ್ನೇ ಆರಿಸುತ್ತೇನೆ.

ನಮ್ಮ ಕಡೆಗೂ ಈ ನಾಣ್ಯಗಳು ಬಂದಿದ್ದವು. ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕ ನಿಧಿಯಲ್ಲಿ ಬೈಜಾಂಟೈನ್ ಚಿನ್ನವಿತ್ತು. ದಕ್ಷಿಣ ಭಾರತದಲ್ಲಿ ದೊರೆತ ಇಂಥ ಹಲವು ನಾಣ್ಯಗಳಲ್ಲಿ ದಾರ ಪೋಣಿಸಲು ಎರಡು ತೂತು ಕೊರೆದಿದ್ದಾರೆ. ಕಾನ್‌ಸ್ಟಾಂಟಿನೋಪಲ್ಲಿನ ದುಡ್ಡು ಇಲ್ಲಿ ಕೊರಳ ಒಡವೆ. ಈಗ ಊರಲ್ಲಿರುವ ಗೆಳೆಯರು ‘ಬರುವಾಗ ಒಂದೆರಡು ತಂದುಕೊಡು’ ಅನ್ನುತ್ತಾರೆ. ಅವರಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯನ್ನು ನೆನಪಿಸುತ್ತೇನೆ. ನೂರು ವರ್ಷ ದಾಟಿದ ನಾಣ್ಯ ಅದರ ಪ್ರಕಾರ ಪ್ರಾಚ್ಯವಸ್ತು, ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ. ಈ ನಾಣ್ಯಕ್ಕೆ ಗಿರಾಕಿಗಳಿರುವುದು ಲಂಡನ್, ಜ್ಯೂರಿಕ್, ಮ್ಯೂನಿಕ್‌ಗಳಲ್ಲಿ. ಬೆಂಗಳೂರಿನ ಬೀರು ಸೇರಿದ ಮೇಲೆ ಅದನ್ನು ಬೆಂಗಳೂರಿನಲ್ಲೇ ಮಾರಬೇಕು, ಬೆಂಗಳೂರಿನ ಬೆಲೆಗೇ ಮಾರಬೇಕು.