ಚಿತ್ರದಿಂದ ಅಳಿಸಿದವರನ್ನು ಹುಡುಕುವ ಕಸುಬು



ಬಾಹ್ಯಾಕಾಶ ಯಾನದ ಚರಿತ್ರೆ ಬರೆಯುವುದನ್ನೇ ಕಸುಬು ಮಾಡಿಕೊಂಡರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದ್ದೀಯ. ತುಂಬುವುದಿಲ್ಲ. ಇಂಗ್ಲಿಷಿನಲ್ಲಿ ಬರೆದವರಿಗೇ ಕಷ್ಟ, ಕನ್ನಡದ ಮಾತು ಬಿಡು. ಆಸ್ಟ್ರೇಲಿಯಾದ ಕಾಲಿನ್ ಬರ್ಗೆಸ್ ಗಗನಯಾತ್ರಿಗಳ ಬಗ್ಗೆ ಸಾಲುಸಾಲು ಪುಸ್ತಕ ಬರೆದವರು. ಸಂಬಳ ಬರುತ್ತಿದ್ದದ್ದು ಕ್ವಾಂಟಾಸ್ ವಿಮಾನ ಕಂಪನಿಯ ಕೆಲಸದಿಂದ. ಜೇಮ್ಸ್ ಓಬರ್ಗ್ ಹ್ಯೂಸ್ಟನ್ನಿನ ಮಿಷನ್ ಕಂಟ್ರೋಲಿನಲ್ಲಿ ಎಂಜಿನಿಯರ್ ಆಗಿದ್ದರು. ಆಸಿಫ್ ಸಿದ್ದಿಕಿ ನ್ಯೂಯಾರ್ಕಿನ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾರೆ. ನೀನೂ ಒಂದು ನೌಕರಿ ಹಿಡಿ. ಸಂಜೆ ತಲೆಯಲ್ಲಿ ಸ್ವಲ್ಪ ಜಾಗ ಉಳಿಸುವಂಥದ್ದಾದರೆ ಸಾಕು.

ನಿನ್ನ ಇನ್ನೊಂದು ಪ್ರಶ್ನೆಯೇ ನನಗೆ ಮುಖ್ಯ. ಸ್ಪುಟ್ನಿಕ್, ಗಗಾರಿನ್, ಅಪೊಲೊ ಎಲ್ಲವನ್ನೂ ಬರೆದಾಗಿದೆ, ಇನ್ನು ಬರೆಯಲು ಏನಿದೆ ಎನ್ನುತ್ತೀಯ. ಒಂದು ಫೋಟೋದ ಕಥೆ ಹೇಳುತ್ತೇನೆ, ಕೇಳು.

1961ರ ಮೇ ತಿಂಗಳಲ್ಲಿ, ಗಗಾರಿನ್ ಹಾರಿ ಬಂದ ಕೆಲವೇ ವಾರಗಳಿಗೆ, ಕಪ್ಪು ಸಮುದ್ರದ ದಡದ ಸೋಚಿಯಲ್ಲಿ ಸೋವಿಯತ್ ಗಗನಯಾತ್ರಿಗಳ ಗುಂಪುಚಿತ್ರ ತೆಗೆದರು. ಮುಂದೆ ಅದು ಪುಸ್ತಕಗಳಲ್ಲಿ ಅಚ್ಚಾದಾಗ ಹಿಂದಿನ ಸಾಲಿನ ಒಬ್ಬ ಯುವಕ ಮಾಯವಾಗಿದ್ದ. ಅವನು ನಿಂತಿದ್ದ ಜಾಗದಲ್ಲಿ ಹಿನ್ನೆಲೆಯನ್ನು ತಿದ್ದಿ ತುಂಬಿದ್ದರು. ಓಬರ್ಗ್ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ, 1981ರ ‘ರೆಡ್ ಸ್ಟಾರ್ ಇನ್ ಆರ್ಬಿಟ್’ ಪುಸ್ತಕದಲ್ಲಿ ಅದನ್ನು ಬಯಲಿಗಿಟ್ಟರು. ಆ ಯುವಕನ ಕಥೆ ಸೋವಿಯತ್ ಪತ್ರಿಕೆಯಲ್ಲಿ ಬಂದದ್ದು 1986ರಲ್ಲಿ, ಯಾರೊಸ್ಲಾವ್ ಗೊಲೊವನೊವ್ ಎಂಬ ಪತ್ರಕರ್ತ ಬರೆದಾಗ. ಆ ಯುವಕನ ಹೆಸರು ಗ್ರಿಗೊರಿ ನೆಲ್ಯುಬೊವ್. ಮೊದಲು ಹಾರಲು ಆಯ್ದ ಆರು ಮಂದಿಯಲ್ಲಿ ಒಬ್ಬ. ಕುಡಿದು ಕಾವಲು ಪಡೆಯವರೊಂದಿಗೆ ಜಗಳ ಮಾಡಿಕೊಂಡ, ಕ್ಷಮೆ ಕೇಳು ಎಂದರೆ ಕೇಳಲಿಲ್ಲ, 1963ರಲ್ಲಿ ಹೊರಹಾಕಿದರು. 1966ರಲ್ಲಿ ರೈಲಿಗೆ ಸಿಕ್ಕಿ ಸತ್ತ. ಹಾರಿದವರ ಪಟ್ಟಿ ಯಾವ ವಿಶ್ವಕೋಶದಲ್ಲಾದರೂ ಸಿಗುತ್ತದೆ. ಹಾರದೇ ಉಳಿದವನಿಗಾಗಿ ಯಾರೋ ಒಬ್ಬರು ಭೂತಗನ್ನಡಿ ಹಿಡಿದು ಕೂರಬೇಕಾಯಿತು.

ಗೊಲೊವನೊವ್ ಅದೇ ವರ್ಷ ವ್ಯಾಲೆಂಟಿನ್ ಬೊಂಡರೆಂಕೊ ಎಂಬ ಇನ್ನೊಬ್ಬನ ಸಂಗತಿಯನ್ನೂ ಹೊರತಂದರು. ಗಗಾರಿನ್ ಹಾರುವ ಮೂರು ವಾರ ಮೊದಲು, 1961ರ ಮಾರ್ಚ್ 23ರಂದು, ಆಮ್ಲಜನಕ ತುಂಬಿದ ಪರೀಕ್ಷಾ ಕೋಣೆಯಲ್ಲಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಬಿಸಿ ಒಲೆಯ ಮೇಲೆ ಬಿದ್ದು ಬೆಂಕಿ ಹತ್ತಿತು. 24 ವರ್ಷದ ಹುಡುಗ ಸುಟ್ಟು ಸತ್ತ. ಈ ಸುದ್ದಿ ಹೊರಬಿದ್ದದ್ದೇ ತಡ, ಒಂದು ಚೆಂದದ ವಾದ ಹುಟ್ಟಿಕೊಂಡಿತು: ರಷ್ಯದವರು ಆಗಲೇ ಬಾಯಿಬಿಟ್ಟಿದ್ದರೆ 1967ರಲ್ಲಿ ಅಪೊಲೊ 1ರ ಬೆಂಕಿಗೆ ಬಲಿಯಾದ ಮೂವರು ಬದುಕುತ್ತಿದ್ದರು ಎಂದು. ಕಥೆಯಾಗಿ ಎಷ್ಟು ಸೊಗಸಾಗಿ ಕೂರುತ್ತದೆ ನೋಡು! ಆದರೆ ಅಮೆರಿಕದ ಸ್ವಂತ ಪರೀಕ್ಷಾ ಕೋಣೆಗಳಲ್ಲೇ ಅಂಥ ಬೆಂಕಿ ಅಷ್ಟರಲ್ಲಿ ಕಾಣಿಸಿಕೊಂಡಿತ್ತು. ಎಚ್ಚರಿಕೆ ಅವರ ಮನೆಯೊಳಗೇ ಇತ್ತು, ಅವರು ಕಿವಿಗೊಡಲಿಲ್ಲ. ಇಷ್ಟು ಸಲೀಸಾಗಿ ಹೊಂದುವ ಕಥೆ ಎದುರಾದರೆ ಪೆನ್ನು ಕೆಳಗಿಟ್ಟು ಇನ್ನೊಂದು ಸಲ ಕಡತ ನೋಡು.

ಸಿದ್ದಿಕಿಯವರ ‘ಚಾಲೆಂಜ್ ಟು ಅಪೊಲೊ’ ಸಿಕ್ಕರೆ ಓದು. ಸೋವಿಯತ್ ಚಂದ್ರಯಾನ ಸೋತ ಬಗೆಯನ್ನು ಸಾವಿರ ಪುಟ ಮೀರಿ ಹೇಳುವ ಈ ಗ್ರಂಥವನ್ನು 2000ದಲ್ಲಿ ಪ್ರಕಟಿಸಿದ್ದು ಸಾಕ್ಷಾತ್ ನಾಸಾ. ಬರೆದವರು ಬಾಂಗ್ಲಾದೇಶ ಮೂಲದವರು. ಡಾಕ್ಟರೇಟ್ ಬಂದದ್ದು ಆಮೇಲೆ. ಸೋವಿಯತ್ತರ ಎನ್1 ಎಂಬ ದೈತ್ಯ ಚಂದ್ರ ರಾಕೆಟ್ಟು 1969ರಿಂದ 1972ರವರೆಗೆ ನಾಲ್ಕು ಸಲ ಹಾರಿ ನಾಲ್ಕೂ ಸಲ ನಾಶವಾಯಿತು. ಆದರೂ ನಾವು ಚಂದ್ರನ ಪಂದ್ಯದಲ್ಲಿ ಇರಲೇ ಇಲ್ಲ ಎಂದು ಆ ಸರ್ಕಾರ ಬಹುಕಾಲ ಸಾಧಿಸಿತು. ಮುಚ್ಚಳ ತೆಗೆದದ್ದು 1989ರ ಹೊತ್ತಿಗೆ. ಆಮೇಲೆ ಆತ್ಮಕಥೆಗಳ ಮಹಾಪೂರ. ಸೋವಿಯತ್ ರಾಕೆಟ್ಟುಗಳ ಮುಖ್ಯ ವಿನ್ಯಾಸಕ ಕೊರೊಲೆವ್ ಕೈಕೆಳಗೆ ದುಡಿದ ಬೊರಿಸ್ ಚೆರ್ಟೊಕ್ ಅವರ ನೆನಪುಗಳೇ ಇಂಗ್ಲಿಷಿನಲ್ಲಿ ನಾಲ್ಕು ಸಂಪುಟ. ಅವುಗಳನ್ನು ಸಂಪಾದಿಸಿದವರೂ ಸಿದ್ದಿಕಿಯವರೇ.

ಆತ್ಮಕಥೆ ಎಂದರೆ ಆಸ್ತಿ ಪಾಲಾಗುವಾಗ ಅಣ್ಣತಮ್ಮಂದಿರಲ್ಲಿ ಒಬ್ಬ ಹೇಳುವ ಮಾತು. ಸುಳ್ಳೆನ್ನಲಾಗದು, ಮತ್ತೊಬ್ಬನನ್ನು ಕೇಳದೆ ನಂಬಲೂ ಆಗದು. ಎನ್1ಗೆ ಯಾವ ಇಂಧನ ಎಂಬ ವಿಚಾರದಲ್ಲಿ ಕೊರೊಲೆವ್‌ಗೂ ಎಂಜಿನ್ ತಜ್ಞ ಗ್ಲುಷ್ಕೊಗೂ ಬಿರುಕು ಬಿತ್ತು. ಕೊನೆಗೆ ವಿಮಾನದ ಎಂಜಿನ್ ಮಾಡುತ್ತಿದ್ದ ಕುಜ್ನೆತ್ಸೊವ್ ಅವರ ಬಾಗಿಲು ತಟ್ಟಬೇಕಾಯಿತು. ಚೆರ್ಟೊಕ್ ನಿಂತಿದ್ದು ಕೊರೊಲೆವ್ ಅಂಗಳದಲ್ಲಿ. ಅವರ ಪುಟ ತಿರುಗಿಸುವಾಗ ಅದು ನೆನಪಿರಲಿ.

ನಮ್ಮಲ್ಲಿಗೆ ಬರೋಣ. ಎತ್ತಿನ ಗಾಡಿಯ ಮೇಲೆ ಕೂತ ಆ್ಯಪಲ್ ಉಪಗ್ರಹದ ಚಿತ್ರ ನೀನೂ ನೋಡಿರುತ್ತೀಯ. 1981ರ ಜೂನ್ 19ರಂದು ಫ್ರೆಂಚ್ ಗಯಾನಾದ ಕೌರೂನಿಂದ ಏರಿಯಾನ್ ರಾಕೆಟ್ಟಿನಲ್ಲಿ ಹೋದದ್ದು ಅದೇ. ಬಡ ದೇಶ, ಲಾರಿಗೆ ಗತಿಯಿಲ್ಲ ಎಂದು ಜನ ಕರಗುತ್ತಾರೆ, ಇಲ್ಲವೇ ನಗುತ್ತಾರೆ. ನಿಜ ಬೇರೆ. ಬಯಲಿನಲ್ಲಿ ಆಂಟೆನಾ ಪರೀಕ್ಷೆ ಮಾಡುವಾಗ ಕೆಳಗೆ ಲೋಹದ ವಾಹನ ಇರಬಾರದಿತ್ತು, ಅದಕ್ಕೆ ಮರದ ಗಾಡಿ ತರಿಸಿದರು. ಅದು ಎಂಜಿನಿಯರುಗಳ ಜಾಣತನ. ಆ ಗಾಡಿಯ ಯಜಮಾನ ಯಾರು, ಎಷ್ಟು ಬಾಡಿಗೆ ಕೊಟ್ಟರು, ಇದು ಮೊದಲು ಹೊಳೆದದ್ದು ಯಾರಿಗೆ? ಇವೆಲ್ಲ ನಿನ್ನ ಪ್ರಶ್ನೆಗಳಾಗಬೇಕು. ಸಭೆಯ ಭಾಷಣಗಳಲ್ಲಿ ಇವಕ್ಕೆ ಉತ್ತರ ಸಿಗುವುದಿಲ್ಲ.

ನಮ್ಮ ಮೊದಲ ಉಪಗ್ರಹ, 360 ಕಿಲೋ ತೂಕದ ಆರ್ಯಭಟ, ರೂಪುಗೊಂಡದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ. ಹಾರಿದ್ದು 1975ರ ಏಪ್ರಿಲ್ 19ರಂದು, ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ. ಅಂದರೆ ಆ ಕಥೆಯ ಅರ್ಧ ರಷ್ಯನ್ ಕಾಗದಗಳಲ್ಲಿದೆ. ಆ ಭಾಷೆ ಕಲಿಯಲು ಈಗಲೇ ಶುರು ಮಾಡು. ಉಳಿದರ್ಧ ನಿನ್ನ ಊರಿನಲ್ಲೇ ಇದೆ. ಆಗ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಹುಡುಗರು ಈಗ ಎಂಬತ್ತರ ಹತ್ತಿರ. ರಾವ್ 2017ರಲ್ಲೇ ಹೋದರು.

ಆದ್ದರಿಂದ ಪುಸ್ತಕದ ಯೋಜನೆ ಆಮೇಲೆ. ಮೊದಲು ಆ ಹಿರಿಯರ ಮನೆಗಳಿಗೆ ಹೋಗು, ಊಟದ ಹೊತ್ತು ತಪ್ಪಿಸಿ. ‘ಹೇಗನಿಸಿತು ಸಾರ್’ ಎಂದು ಕೇಳಬೇಡ. ಇಷ್ಟು ವರ್ಷ ಹೇಳಿ ಹೇಳಿ ಉರುಹೊಡೆದ ಉತ್ತರ ಬರುತ್ತದೆ. ಕೆಲಸ ಕೆಟ್ಟದ್ದು ಯಾವಾಗ, ಆ ರಾತ್ರಿ ಷೆಡ್ಡಿನಲ್ಲಿ ಯಾರಿದ್ದರು, ಬೆಸುಗೆ ಹಾಕಿದ್ದು ಯಾರು ಎಂದು ಕೇಳು. ವಿಜ್ಞಾನಿಗಳನ್ನು ಮುಗಿಸಿ ಫಿಟ್ಟರು, ಟೈಪಿಸ್ಟು, ಡ್ರೈವರುಗಳನ್ನೂ ಹುಡುಕು. ಒಂದೇ ಘಟನೆಯನ್ನು ಇಬ್ಬರ ಬಾಯಲ್ಲಿ ಬೇರೆಬೇರೆಯಾಗಿ ಕೇಳು, ತಾಳೆಯಾಗದಿದ್ದರೆ ಎರಡನ್ನೂ ಬರೆದಿಡು. ಧ್ವನಿಮುದ್ರಣದ ಒಂದು ಪ್ರತಿ ಯಾವುದಾದರೂ ಗ್ರಂಥಾಲಯಕ್ಕೆ ಸೇರಲಿ.

ಮೊದಲ ಸಂದರ್ಶನ ಬರೆದಾದ ಮೇಲೆ ನನಗೆ ಕಳಿಸು. ‘ಐತಿಹಾಸಿಕ ಕ್ಷಣ’ ಎಂಬ ಮಾತು ಕಂಡಲ್ಲೆಲ್ಲ ಕೆಂಪು ಗೆರೆ ಬೀಳುತ್ತದೆ, ಈಗಲೇ ಹೇಳಿದ್ದೇನೆ.

ಇಂತು,
ನಿನ್ನ ಹಿತೈಷಿ